8 ಬಿಟ್ ಡ್ಯಾಕ್ ಕಟ್ಟಿ, ಡಿದರ್ ಹಾಕಿ, ಗಂಟೆ ಸದ್ದಿನ ಬಾಲ ವಾಪಸ್ ತಂದಿದ್ದು

ಗಂಟೆ ಹೊಡೆದ ಒಂದು ರೆಕಾರ್ಡಿಂಗ್ ಇತ್ತು ನನ್ನ ಹತ್ರ, 16 ಬಿಟ್, 44.1 ಕಿಲೋಹರ್ಟ್ಸ್, ಮೋನೋ, ಸುಮಾರು 12 ಸೆಕೆಂಡು. ಹೊಡೆತ ಬಿದ್ದಾಗ ಜೋರಾಗಿ ಶುರುವಾಗಿ ಆಮೇಲೆ ನಿಧಾನಕ್ಕೆ ಕರಗ್ತಾ ಕರಗ್ತಾ ಹೋಗುತ್ತೆ. ಇದನ್ನ ನಾನೇ ಕಟ್ಟಿದ 8 ಬಿಟ್ ಡ್ಯಾಕ್ (ಸಂಖ್ಯೆಯನ್ನ ವೋಲ್ಟೇಜ್ ಆಗಿ ಬದಲಾಯಿಸೋ ಸರ್ಕ್ಯೂಟ್) ಮೇಲೆ ಮೊದಲ್ನೇ ಸಲ ನುಡಿಸ್ದಾಗ ಮೊದಲ 4 ಸೆಕೆಂಡು ಪರವಾಗಿಲ್ಲ ಅನ್ನಿಸ್ತು, ಆಮೇಲೆ ಗಂಟೆ ಗಂಟೆಯಾಗಿ ಉಳೀಲಿಲ್ಲ, ಡಬ್ಬದೊಳಗೆ ಜೇನುನೊಣ ಸಿಕ್ಕಾಕ್ಕೊಂಡ ಹಾಗೆ ಗರ್ರ್ ಅಂತ ಒಂದು ಸದ್ದು, ಅದೂ ಕಡಿಮೆ ಆಗ್ತಾನೇ ಇಲ್ಲ, ಒಂದೇ ಮಟ್ಟದಲ್ಲಿ ಎಳ್ಕೊಂಡು ಹೋಗಿ ಕೊನೆಗೆ ಕತ್ತರೀಲಿ ಕತ್ತರಿಸ್ದಂಗೆ ಟಕ್ ಅಂತ ನಿಂತೋಯ್ತು.

ಇಂಥ ಸದ್ದು ಹೋಗ್ಬೇಕು ಅಂದ್ರೆ ಡಿದರ್ ಹಾಕ್ಬೇಕು, ಅಂದ್ರೆ ಬಿಟ್ ಕಡಿಮೆ ಮಾಡೋಕೆ ಮುಂಚೆ ಸಿಗ್ನಲ್‌ಗೆ ಬೇಕಂತಲೇ ಚೂರು ನಾಯ್ಸ್ ಸೇರಿಸ್ಬೇಕು ಅಂತ ಓದಿ ಗೊತ್ತಿತ್ತು. ಆದ್ರೆ ಓದಿದ್ದಕ್ಕೂ ಕಿವೀಲಿ ಕೇಳಿದ್ದಕ್ಕೂ ಅಜಗಜಾಂತರ. ಅದಕ್ಕೇ ಬೇಕು ಅಂತಲೇ 8 ಬಿಟ್ ಆರಿಸ್ಕೊಂಡೆ. 3.3 ವೋಲ್ಟನ್ನ 16 ಬಿಟ್ಟಿನ 65,536 ಭಾಗ ಮಾಡಿದ್ರೆ ಒಂದು ಮೆಟ್ಟಿಲು, ಅಂದ್ರೆ ಒಂದು ಎಲ್‌ಎಸ್‌ಬಿ, ಬರೀ 50 ಮೈಕ್ರೋವೋಲ್ಟ್, ನನ್ನ ಸ್ಕೋಪ್‌ನಲ್ಲಿ ಅದು ಕಾಣೋದೇ ಇಲ್ಲ. ಅದೇ 256 ಭಾಗ ಮಾಡಿದ್ರೆ ಒಂದೊಂದು ಮೆಟ್ಟಿಲು 12.9 ಮಿಲಿವೋಲ್ಟ್, ಕಣ್ಣಿಗೂ ಕಾಣುತ್ತೆ ಕಿವಿಗೂ ಕೇಳುತ್ತೆ. 24 ಬಿಟ್ ರೆಕಾರ್ಡಿಂಗನ್ನ ಸಿಡಿಯ 16 ಬಿಟ್ಟಿಗೆ ಇಳಿಸುವಾಗ ಆಗೋದೂ ಇದೇ, ಮೆಟ್ಟಿಲು ಚಿಕ್ಕದು ಅಷ್ಟೇ.

ಹಾರ್ಡ್‌ವೇರ್ ವಿಚಾರ ಮೊದ್ಲು ಹೇಳ್ಬಿಡ್ತೀನಿ. ರಾಸ್ಪ್‌ಬೆರಿ ಪೈ ಪಿಕೋ ಅನ್ನೋ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್ ಒಂದು, ಅದರ 8 ಪಿನ್ನಿಗೆ ಆರ್-2ಆರ್ ಲ್ಯಾಡರ್, ಅಂದ್ರೆ ಒಂದೊಂದು ಬಿಟ್ಟಿಗೆ ಅದರ ತೂಕದಷ್ಟು ವೋಲ್ಟೇಜ್ ಕೊಟ್ಟು ಕೂಡಿಸೋ ರೆಸಿಸ್ಟರ್ ಏಣಿ. ಲ್ಯಾಡರ್‌ಗೆ 10ಕೆ ಮತ್ತೆ 20ಕೆ ರೆಸಿಸ್ಟರ್ ಬೇಕು, ನಾನು 20ಕೆ ತಗೊಳ್ಳದೆ ಎರಡು 10ಕೆ ಸೀರೀಸಲ್ಲಿ ಹಾಕ್ದೆ, ಎಲ್ಲಾ ಒಂದೇ ಪಟ್ಟಿಯಿಂದ ಬಂದ ಒಂದೇ ಬೆಲೆಯ ರೆಸಿಸ್ಟರ್ ಆದ್ರೆ ಒಂದಕ್ಕೊಂದು ಚೆನ್ನಾಗಿ ಹೊಂದುತ್ತೆ. ಲೆಕ್ಕ ಹಾಕಿದ್ರೆ ಬಿಟ್ಟುಗಳಿಗೆ 8 ಮತ್ತೆ ತುದಿಯ ಗ್ರೌಂಡಿಗೆ 1, ಒಟ್ಟು 9 ಜೋಡಿ, ನಡುವೆ 7 ಒಂಟಿ, ಅಂದ್ರೆ 25 ರೆಸಿಸ್ಟರ್. ಲ್ಯಾಡರ್‌ನ ಔಟ್‌ಪುಟ್ ಇಂಪಿಡೆನ್ಸ್ ಯಾವ ಕೋಡ್ (0ಯಿಂದ 255ರ ಒಳಗಿನ ಸಂಖ್ಯೆ) ಕೊಟ್ರೂ 10ಕೆ ನೇ ಇರುತ್ತೆ, ಹಂಗಾಗಿ ಅಲ್ಲಿಂದ ಗ್ರೌಂಡಿಗೆ ಒಂದು 820 ಪಿಕೋಫ್ಯಾರಡ್ ಕೆಪಾಸಿಟರ್ ಹಾಕಿದ್ರೆ ಬೇರೆ ರೆಸಿಸ್ಟರ್ ಇಲ್ದೇನೇ 19.4 ಕಿಲೋಹರ್ಟ್ಸ್‌ನ ಲೋ ಪಾಸ್ ಫಿಲ್ಟರ್ ಸಿಕ್ಬಿಡುತ್ತೆ. ಅದಾದ್ಮೇಲೆ ಎಂಸಿಪಿ6002 ಆಪ್ ಆಂಪ್ ಬಫರ್, ಆಮೇಲೆ 10 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್, 100 ಓಮ್, ಜ್ಯಾಕ್. ಆಪ್ ಆಂಪ್‌ಗೆ ಯುಎಸ್‌ಬಿಯ 5 ವೋಲ್ಟನ್ನ 10 ಓಮ್ ಮತ್ತೆ 100 ಮೈಕ್ರೋಫ್ಯಾರಡ್ ದಾಟಿಸಿ ಕೊಟ್ಟೆ.

ರೆಸಿಸ್ಟರ್ ಆರಿಸೋದ್ರಲ್ಲಿ ಒಂದು ಸಂಜೆ ಪೂರ್ತಿ ಹೋಯ್ತು ಮತ್ತೆ ಅದು ಸಾರ್ಥಕ ಆಯ್ತು. ಮೊದ್ಲು ಹಂಗೇ ಕೈಗೆ ಸಿಕ್ಕಿದ 1 ಪರ್ಸೆಂಟ್ ರೆಸಿಸ್ಟರ್ ಹಾಕಿ, ಒಂದೊಂದೇ ಕೋಡ್ ನಿಲ್ಸಿ ಮಲ್ಟಿಮೀಟರಲ್ಲಿ ನೋಡ್ದೆ. 127ರಿಂದ 128ಕ್ಕೆ ಹೋಗೋ ಮೆಟ್ಟಿಲು 12.9 ಇರ್ಬೇಕಾದ್ದು 17 ಮಿಲಿವೋಲ್ಟ್ ಇತ್ತು. ಯಾಕಂದ್ರೆ ಅಲ್ಲಿ ಕೆಳಗಿನ 7 ಬಿಟ್ ಒಟ್ಟಿಗೆ ಆಫ್ ಆಗಿ ಮೇಲಿನ ಒಂದು ಬಿಟ್ ಆನ್ ಆಗುತ್ತೆ, ಆ ಮೇಲಿನ ಬಿಟ್ಟಿನ ತೂಕ 1.65 ವೋಲ್ಟ್, ಅದ್ರಲ್ಲಿ ಕಾಲು ಪರ್ಸೆಂಟ್ ತಪ್ಪಿದ್ರೂ 4 ಮಿಲಿವೋಲ್ಟ್ ವ್ಯತ್ಯಾಸ ಆಗೋಗುತ್ತೆ. ಆಡಿಯೋಗೆ ಇದು ಇರಬಾರದ ಜಾಗದಲ್ಲೇ ಇದೆ, ಸೈಲೆನ್ಸ್, ಅಂದ್ರೆ ಸ್ಯಾಂಪಲ್ ಬೆಲೆ 0, ಡ್ಯಾಕಲ್ಲಿ ಕೋಡ್ 128, ಸಣ್ಣ ಸದ್ದೆಲ್ಲ ಓಡಾಡೋದು ಈ 127, 128ರ ಆಚೆ ಈಚೆಗೇ. 60 ರೆಸಿಸ್ಟರ್ ಅಳೆದು ಹತ್ರ ಹತ್ರ ಇರೋದನ್ನ ಮೇಲಿನ ಬಿಟ್ಟುಗಳಿಗೆ ಕೊಟ್ಟು, ಉಳಿದಿದ್ದನ್ನ ಕೆಳಗಿನ ಬಿಟ್ಟುಗಳಿಗೆ ಹಾಕಿದ್ಮೇಲೆ ಅದೇ ಮೆಟ್ಟಿಲು 13.5ಕ್ಕೆ ಬಂತು. ಇದನ್ನ ಯಾಕೆ ಇಷ್ಟು ಎಳೆದು ಹೇಳ್ತಿದೀನಿ ಅಂದ್ರೆ ಡಿದರ್ ರೆಸಿಸ್ಟರಿನ ತಪ್ಪನ್ನ ತಿದ್ದೋದಿಲ್ಲ, ಅದು ರೌಂಡ್ ಮಾಡಿದ್ದರ ತಪ್ಪಿಗೆ ಮಾತ್ರ ಮದ್ದು. ಲ್ಯಾಡರ್ ಸೊಟ್ಟ ಇದ್ರೆ ಸೊಟ್ಟಾನೇ.

ಇನ್ನೊಂದು, ಪಿಕೋ ಬೋರ್ಡ್ ಮೇಲಿನ 3.3 ವೋಲ್ಟ್ ಸ್ವಿಚಿಂಗ್ ರೆಗ್ಯುಲೇಟರಿಂದ ಬರೋದು, ಲೋಡ್ ಕಡಿಮೆ ಇದ್ದಾಗ ಅದು ಪವರ್ ಸೇವ್ ಮೋಡಿಗೆ ಹೋಗಿ ರಿಪಲ್ (ವೋಲ್ಟೇಜಿನ ಸಣ್ಣ ಏರಿಳಿತ) ಜಾಸ್ತಿ ಮಾಡುತ್ತೆ, ಮತ್ತೆ ನಮ್ಮ ಲ್ಯಾಡರ್‌ಗೆ ರೆಫರೆನ್ಸ್ ಅಂದ್ರೆ ಆ 3.3 ವೋಲ್ಟೇ. ಜಿಪಿ23 ಪಿನ್ನನ್ನ ಹೈ ಮಾಡಿದ್ರೆ ಪವರ್ ಸೇವ್ ಆಫ್ ಆಗುತ್ತೆ. ಒಂದೇ ಸಾಲು ಕೋಡು, ಸ್ಕೋಪಲ್ಲಿ ಗೆರೆ ತೆಳ್ಳಗಾಗಿದ್ದು ಎದ್ದು ಕಾಣ್ತಿತ್ತು.

ಸ್ಯಾಂಪಲ್ ಹೊರಗೆ ಹಾಕೋದು ಪಿಐಒ ಮತ್ತೆ ಡಿಎಂಎ (ಪ್ರೊಸೆಸರಿಗೆ ಕಾಯದೆ ಪಿನ್ ಆಡಿಸೋ, ಡೇಟಾ ಸಾಗಿಸೋ ಪಿಕೋದ ಭಾಗಗಳು) ಕೆಲಸ, 8 ಪಿನ್ನೂ ಒಂದೇ ಕ್ಲಾಕಲ್ಲಿ ಬದಲಾಗುತ್ತೆ. 125 ಮೆಗಾಹರ್ಟ್ಸನ್ನ 2834ರಿಂದ ಭಾಗಿಸಿದ್ರೆ 44,107 ಹರ್ಟ್ಸ್ ಬರುತ್ತೆ, 44,100ಕ್ಕೆ ಅಷ್ಟು ಹತ್ರ ಇದ್ರೆ ಶ್ರುತಿ ವ್ಯತ್ಯಾಸ ಕಿವಿಗೆ ಗೊತ್ತಾಗಲ್ಲ, ಫ್ರಾಕ್ಷನಲ್ ಡಿವೈಡರ್ ಹಾಕಿ ಜಿಟರ್ (ಸ್ಯಾಂಪಲ್ ಹೊರಗೆ ಬರೋ ಹೊತ್ತಿನ ಏರುಪೇರು) ತಂದ್ಕೊಳೋದಕ್ಕಿಂತ ಇದು ವಾಸಿ ಅಂತ ಪೂರ್ಣಾಂಕದಲ್ಲೇ ಬಿಟ್ಟೆ. 2 ಮೆಗಾಬೈಟ್ ಫ್ಲ್ಯಾಶಲ್ಲಿ ಸುಮಾರು 20 ಸೆಕೆಂಡ್ ಆಡಿಯೋ ಹಿಡಿಯುತ್ತೆ, ಗಂಟೆಗೂ ಕೆಲವು ಟೆಸ್ಟ್ ಟೋನಿಗೂ ಸಾಕು.

ಈಗ ಗರ್ರ್ ಸದ್ದಿನ ವಿಷ್ಯಕ್ಕೆ ಬರೋಣ. ನಾನು ಮಾಡಿದ್ದು ಎಲ್ಲರೂ ಮೊದ್ಲು ಮಾಡೋದನ್ನೇ, 16 ಬಿಟ್ ಸ್ಯಾಂಪಲ್ ತಗೊಂಡು 8 ಬಿಟ್ ಬಲಕ್ಕೆ ತಳ್ಳಿ ಕೆಳಗಿನ ಅರ್ಧ ಬಿಸಾಕೋದು. ಇದ್ರಲ್ಲಿ ಏನಾಗುತ್ತೆ ಅಂದ್ರೆ ಸಂಖ್ಯೆ ಯಾವಾಗ್ಲೂ ಕೆಳಗಿನ ಮೆಟ್ಟಿಲಿಗೇ ಇಳಿಯುತ್ತೆ, 0ಯಿಂದ 255ರ ತನಕ ಇದ್ರೆ 0, ಮೈನಸ್ 1ರಿಂದ ಮೈನಸ್ 256ರ ತನಕ ಇದ್ರೆ ಮೈನಸ್ 1. ಅಂದ್ರೆ ಸದ್ದು ಎಷ್ಟೇ ಸಣ್ಣದಾದ್ರೂ, ಸೊನ್ನೆಯ ಮೇಲೆ ಕೆಳಗೆ ಓಡಾಡ್ತಾ ಇರೋ ತನಕ, ಡ್ಯಾಕಿಂದ ಹೊರಗೆ ಬರೋದು ಒಂದು ಪೂರ್ತಿ ಎಲ್‌ಎಸ್‌ಬಿ ಎತ್ತರದ ಸ್ಕ್ವೇರ್ ವೇವ್. ಮೈನಸ್ 50 ಡಿಬಿಯಲ್ಲಿದ್ರೂ (ಗರಿಷ್ಠ ಮಟ್ಟಕ್ಕಿಂತ 50 ಡೆಸಿಬೆಲ್ ಕೆಳಗೆ) ಅದೇ ಸ್ಕ್ವೇರ್ ವೇವ್, ಮೈನಸ್ 80ರಲ್ಲಿದ್ರೂ ಅದೇ, ಒರಿಜಿನಲ್ ಫೈಲಲ್ಲಿ ಸ್ಯಾಂಪಲ್ ನಿಜವಾಗ್ಲೂ 0 ಆದ ಕ್ಷಣ ಅದು ನಿಂತೋಗುತ್ತೆ. ಗಂಟೆ ಬಾಲ ಕರಗದೆ ಒಂದೇ ಮಟ್ಟದಲ್ಲಿ ಎಳೆದಿದ್ದು, ಆಮೇಲೆ ಟಕ್ ಅಂತ ಕಟ್ ಆಗಿದ್ದು, ಎರಡಕ್ಕೂ ಕಾರಣ ಇಷ್ಟೇ. ಸ್ಕೋಪ್ ಹಚ್ಚಿದಾಗ 13 ಮಿಲಿವೋಲ್ಟಿನ ಚೌಕ ಚೌಕ ಆಕೃತಿ ಕಣ್ಣೆದುರಿಗೇ ಕುಣೀತಿತ್ತು.

ಸರಿ, ಬಿಸಾಕೋದು ಬೇಡ, ರೌಂಡ್ ಮಾಡೋಣ ಅಂತ 128 (256ರ ಅರ್ಧ) ಸೇರಿಸಿ ಆಮೇಲೆ ತಳ್ಳಿದೆ. ಈಗ ಬೇರೆ ರೋಗ. ಗಂಟೆ ಒಂದು ಮಟ್ಟಕ್ಕೆ ಇಳಿದ ತಕ್ಷಣ ಪೂರ್ತಿ ಮಾಯ. ಟೆಸ್ಟ್ ಟೋನ್ ಹಾಕಿ ನೋಡ್ದೆ, 997 ಹರ್ಟ್ಸ್ (1000 ಅಲ್ಲ, 997 ಅವಿಭಾಜ್ಯ ಸಂಖ್ಯೆ, ಸ್ಯಾಂಪಲ್ ರೇಟ್ ಜೊತೆ ಲೆಕ್ಕ ಕೂಡ್ಕೊಂಡು ಅವೇ ಕೆಲವು ಬೆಲೆಗಳು ಮತ್ತೆ ಮತ್ತೆ ಬರೋದಿಲ್ಲ, ಆಡಿಯೋ ಅಳತೆ ಮಾಡೋರು ಅದನ್ನೇ ಬಳಸ್ತಾರೆ). ಮೈನಸ್ 40 ಡಿಬಿ ಟೋನಿನ ಎತ್ತರ ನಮ್ಮ 8 ಬಿಟ್ಟಲ್ಲಿ 1.28 ಎಲ್‌ಎಸ್‌ಬಿ, ಅಂದ್ರೆ ಸೈನ್ ವೇವ್ ಬದ್ಲು ಮೈನಸ್ 1, 0, 1 ಅಂತ ಮೂರೇ ಮೆಟ್ಟಿಲು. ಔಟ್‌ಪುಟ್ಟನ್ನ ಯುಎಸ್‌ಬಿ ಸೌಂಡ್ ಕಾರ್ಡಲ್ಲಿ ರೆಕಾರ್ಡ್ ಮಾಡಿ ಆಡಾಸಿಟಿಯಲ್ಲಿ ಸ್ಪೆಕ್ಟ್ರಮ್ ತೆಗೆದ್ರೆ 3, 5, 7, 9ನೇ ಹಾರ್ಮೋನಿಕ್‌ಗಳು (997ರ ಅಷ್ಟಷ್ಟು ಪಟ್ಟಿನ ಸ್ವರಗಳು) ಬೇಲಿ ಗೂಟದ ಹಾಗೆ ಸಾಲಾಗಿ ನಿಂತಿದ್ವು, 7ನೇದಂತೂ ಮುಖ್ಯ ಸ್ವರಕ್ಕಿಂತ ಬರೀ 17 ಡಿಬಿ ಕೆಳಗೆ. ಮೈನಸ್ 50 ಡಿಬಿಗೆ ಇಳಿಸ್ದೆ, ಈಗ ಎತ್ತರ 0.405 ಎಲ್‌ಎಸ್‌ಬಿ, ಅರ್ಧ ಮೆಟ್ಟಿಲೂ ಇಲ್ಲ, ಹಾಗಾಗಿ ಎಲ್ಲಾ ಸ್ಯಾಂಪಲ್ಲೂ 0ಗೆ ರೌಂಡ್ ಆಗಿ ಔಟ್‌ಪುಟ್ ಸತ್ತ ಗೆರೆ. ಆಂಪ್ಲಿಫೈಯರ್ ಪೂರ್ತಿ ತಿರುಗಿಸಿದ್ರೂ ಏನಿಲ್ಲ.

ಈಗ ಡಿದರ್. 8 ಬಿಟ್ಟಿನ ಒಂದು ಮೆಟ್ಟಿಲು ಅಂದ್ರೆ 16 ಬಿಟ್ ಲೆಕ್ಕದಲ್ಲಿ 256. ಹಾಗಾಗಿ 0ಯಿಂದ 255ರ ಒಳಗಿನ ಎರಡು ರ‍್ಯಾಂಡಮ್ ಸಂಖ್ಯೆ ತಗೊಂಡು ಕೂಡಿಸಿ 255 ಕಳೀಬೇಕು, ಮೈನಸ್ 255ರಿಂದ ಪ್ಲಸ್ 255ರ ತನಕ ಏನಾದ್ರೂ ಬರುತ್ತೆ, ಸೊನ್ನೆ ಹತ್ರದ್ದು ಜಾಸ್ತಿ ಸಲ, ತುದೀದು ಅಪರೂಪ. ಗ್ರಾಫ್ ಹಾಕಿದ್ರೆ ತ್ರಿಕೋನ, ಅದಕ್ಕೇ ಟಿಪಿಡಿಎಫ್ (ತ್ರಿಕೋನ ಹಂಚಿಕೆ) ಅನ್ನೋದು. ಇದನ್ನ ಸ್ಯಾಂಪಲ್‌ಗೆ ಸೇರಿಸಿ ಆಮೇಲೆ 128 ಸೇರಿಸಿ ಆಮೇಲೆ ತಳ್ಳೋದು. ಎರಡು ದಾಳ ಒಟ್ಟಿಗೆ ಹಾಕಿದ್ರೆ 7 ಜಾಸ್ತಿ ಬರುತ್ತಲ್ಲ, 2 ಮತ್ತೆ 12 ಕಡಿಮೆ, ಅದೇ ಥರ.

ಮೈನಸ್ 50 ಡಿಬಿ ಟೋನ್ ಹಾಕ್ದೆ. ಸ್ಸ್ಸ್ ಅನ್ನೋ ಹಿಸ್ ಮಧ್ಯೆ, ತೆಳ್ಳಗೆ, ಆದ್ರೆ ಶುದ್ಧವಾಗಿ, 997 ಹರ್ಟ್ಸ್ ಕೇಳಿಸ್ತು. ನಿಮಿಷದ ಹಿಂದೆ ಇದೇ ಫೈಲು ಸತ್ತ ಗೆರೆ ಆಗಿತ್ತು. ನಾನು ಮೂರ್ನಾಲ್ಕು ಸಲ ಡಿದರ್ ಆನ್ ಆಫ್ ಮಾಡಿ ಕೇಳ್ದೆ, ಪ್ರತಿ ಸಲಾನೂ ಆಫ್ ಮಾಡಿದ್ರೆ ಇಲ್ಲ, ಆನ್ ಮಾಡಿದ್ರೆ ಇದೆ. ಮೆಟ್ಟಿಲಿಗಿಂತ ಚಿಕ್ಕ ಸದ್ದು ಮೆಟ್ಟಿಲುಗಳ ಮೂಲಕಾನೇ ದಾಟಿ ಬರೋದನ್ನ ಕೇಳೋದು ನಿಜವಾಗ್ಲೂ ರೋಮಾಂಚನ.

ಹೇಗೆ ಅಂತ ಒಂದು ಬೆಲೆ ತಗೊಂಡು ನೋಡಿ. ಸ್ಯಾಂಪಲ್ 0.4 ಎಲ್‌ಎಸ್‌ಬಿ ಇದೆ ಅಂದ್ಕೊಳಿ. ಡಿದರ್ ಇಲ್ದೇ ಸಾವಿರ ಸಲ ರೌಂಡ್ ಮಾಡಿದ್ರೂ ಸಾವಿರ ಸಲಾನೂ 0. ತ್ರಿಕೋನ ಡಿದರ್ ಹಾಕಿ ಮಾಡಿದ್ರೆ ಸರಿಸುಮಾರು 405 ಸಲ 1 ಬರುತ್ತೆ, 5 ಸಲ ಮೈನಸ್ 1 ಬರುತ್ತೆ, ಉಳಿದ 590 ಸಲ 0. ಕೂಡಿಸಿದ್ರೆ 400, ಸಾವಿರದಿಂದ ಭಾಗಿಸಿದ್ರೆ 0.4, ಅಂದ್ರೆ ಹೊಡ್ಕೊಂಡು ಹೋಗಿದ್ದ ಬೆಲೆ ಸರಾಸರಿಯಲ್ಲಿ ಪೂರ್ತಿ ವಾಪಸ್. ಒಂದೊಂದು ಸ್ಯಾಂಪಲ್ ನೋಡಿದ್ರೆ ತಪ್ಪೇ, ಆದ್ರೆ ಆ ತಪ್ಪು ಸಿಗ್ನಲ್ಲಿನ ಹಿಂದೆ ನೆರಳಿನ ಥರ ಓಡಾಡೋದನ್ನ ನಿಲ್ಸಿ ತನ್ನ ಪಾಡಿಗೆ ತಾನು ಇರೋ ಹಿಸ್ ಆಗೋಯ್ತು. ಡಿದರ್ ಅಂದ್ರೆ ಕರ್ಕಶವನ್ನ ಹಿಸ್‌ನಿಂದ ಮುಚ್ಚೋದು ಅಂತ ತುಂಬಾ ಜನ ಹೇಳ್ತಾರೆ, ನಾನು ಒಪ್ಪಲ್ಲ. ಮುಚ್ಚಿದ್ರೆ ಅದು ಕೆಳಗೆ ಇರ್ಬೇಕಲ್ವಾ, ಮೈನಸ್ 40 ಡಿಬಿ ಟೋನನ್ನ ಡಿದರ್ ಹಾಕಿ ರೆಕಾರ್ಡ್ ಮಾಡಿ ಉದ್ದ ಸರಾಸರಿ ತೆಗೆದು ಸ್ಪೆಕ್ಟ್ರಮ್ ನೋಡ್ದೆ, ಆ ಬೇಲಿ ಗೂಟಗಳು ಕರಗಿ ಹಿಸ್ಸಿನ ನೆಲಕ್ಕೆ ಸೇರಿದ್ವು, 3ನೇ ಹಾರ್ಮೋನಿಕ್ ಒಂದು ಮಾತ್ರ ಚೂರು ತಲೆ ಎತ್ತಿತ್ತು, ಅದು ನನ್ನ ಲ್ಯಾಡರಿನ ಸೊಟ್ಟ.

ಬೆಲೆ ಕೊಡ್ಬೇಕಾಗುತ್ತೆ, ಅದನ್ನೂ ಹೇಳ್ಬೇಕು. ಡಿದರ್ ಇಲ್ದಾಗ ರೌಂಡಿಂಗ್ ತಪ್ಪಿನ ಆರ್‌ಎಂಎಸ್ ಬೆಲೆ (ಒಂಥರಾ ಸರಾಸರಿ ಗಾತ್ರ) ಒಂದು ಎಲ್‌ಎಸ್‌ಬಿಯನ್ನ 12ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದ್ರೆ 0.29 ಎಲ್‌ಎಸ್‌ಬಿ, ನಮ್ಮ ಬೋರ್ಡಲ್ಲಿ 3.7 ಮಿಲಿವೋಲ್ಟ್. ತ್ರಿಕೋನ ಡಿದರ್ ಹಾಕಿದ್ರೆ ಒಟ್ಟು ಸರಿಯಾಗಿ ಅರ್ಧ ಎಲ್‌ಎಸ್‌ಬಿ, 6.4 ಮಿಲಿವೋಲ್ಟ್. ಡಿಬಿಯಲ್ಲಿ 4.77 ನಷ್ಟ, 8 ಬಿಟ್ಟಿನ ಪುಸ್ತಕದ ಲೆಕ್ಕ 49.9 ಡಿಬಿ ಇದ್ದಿದ್ದು 45.2ಕ್ಕೆ ಇಳಿಯುತ್ತೆ. ಹಂಗಾದ್ರೆ ಮೈನಸ್ 50ರ ಟೋನ್ ಹಿಸ್‌ಗಿಂತ ಕೆಳಗಿದ್ದೂ ಹೇಗೆ ಕೇಳಿಸ್ತು ಅಂದ್ರೆ, ಹಿಸ್ 22 ಕಿಲೋಹರ್ಟ್ಸ್ ತನಕ ಹರಡ್ಕೊಂಡಿದೆ, ಟೋನ್ ಒಂದೇ ಕಡೆ ಗುಡ್ಡೆಯಾಗಿದೆ, ಕಿವಿ ಅದರ ಆಸುಪಾಸಿನ ಸಣ್ಣ ಪಟ್ಟಿಯನ್ನ ಮಾತ್ರ ಕೇಳಿಸ್ಕೊಂಡು ಆರಿಸುತ್ತೆ.

ಇಷ್ಟು ಸಲೀಸಾಗಿ ಬರೆದೆ ನಿಜ, ಆದ್ರೆ ಇಲ್ಲಿಗೆ ಬರೋಕೆ ಒಂದು ವಾರ ಹಿಡೀತು, ಮಧ್ಯೆ ಆದ ಎಡವಟ್ಟುಗಳನ್ನ ಬರೀಲೇಬೇಕು ಯಾಕಂದ್ರೆ ನೀವೂ ಮಾಡಿದ್ರೆ ಇವೇ ಬರೋದು.

ಮೊದಲ್ನೇದು, ಡಿದರನ್ನ ತಪ್ಪು ಜಾಗದಲ್ಲಿ ಹಾಕಿದ್ದು. 8 ಬಿಟ್ ಮಾಡಿ ಆದ್ಮೇಲೆ ರ‍್ಯಾಂಡಮ್ಮಾಗಿ ಮೈನಸ್ 1, 0, 1 ಸೇರಿಸ್ತಾ ಇದ್ದೆ. ಹಿಸ್ಸೂ ಬಂತು, ಗರ್ರ್ ಕೂಡ ಹಂಗೇ ಉಳೀತು. ರೌಂಡ್ ಆದ್ಮೇಲೆ ತಪ್ಪು ಆಗೋಗಿದೆ, ಆಮೇಲೆ ನಾಯ್ಸ್ ಸೇರಿಸಿದ್ರೆ ಕೆಟ್ಟು ಹೋದ ಫೋಟೋ ಮೇಲೆ ಮರಳು ಚೆಲ್ಲಿದ ಹಾಗೆ. ಇದು ನಿಜಕ್ಕೂ ಬರೀ ಮುಚ್ಚೋ ಕೆಲಸ.

ಎರಡ್ನೇದು ರ‍್ಯಾಂಡಮ್ ಟೇಬಲ್. ಪ್ರತಿ ಸ್ಯಾಂಪಲ್‌ಗೆ ರ‍್ಯಾಂಡಮ್ ಸಂಖ್ಯೆ ಮಾಡೋದು ಭಾರ ಆಗ್ಬೋದು ಅಂದ್ಕೊಂಡು 1024 ಸಂಖ್ಯೆ ಮೊದಲೇ ಮಾಡಿಟ್ಟು ಸುತ್ತಿ ಸುತ್ತಿ ಬಳಸ್ದೆ. 44,100ನ್ನ 1024ರಿಂದ ಭಾಗಿಸಿದ್ರೆ 43, ಅಂದ್ರೆ ಸೆಕೆಂಡಿಗೆ 43 ಸಲ ಅದೇ ಅದೇ ನಾಯ್ಸ್ ಮತ್ತೆ ಮತ್ತೆ, ಹಿಸ್ ಬದ್ಲು ದೂರದಲ್ಲಿ ಮೋಟಾರ್ ಓಡ್ತಿರೋ ಥರ ಗುಡುಗುಡು ಅಂತ ಕೇಳೋದು. ಟೇಬಲ್ 65,536ಕ್ಕೆ ಹೆಚ್ಚಿಸಿದ್ರೂ ಒಂದೂವರೆ ಸೆಕೆಂಡಿಗೊಂದ್ಸಲ ಅದೇ ಹಿಸ್ ಸುತ್ತಿ ಬರೋದು ಗಮನ ಕೊಟ್ಟು ಕೇಳಿದ್ರೆ ಗೊತ್ತಾಗ್ತಿತ್ತು, ಒಂದ್ಸಲ ಗೊತ್ತಾದ್ಮೇಲೆ ಬೇರೇನೂ ಕೇಳಿಸ್ತಾನೇ ಇರ್ಲಿಲ್ಲ. ಕೊನೆಗೆ 32 ಬಿಟ್ ಎಕ್ಸಾರ್‌ಶಿಫ್ಟ್ ಅನ್ನೋ ರ‍್ಯಾಂಡಮ್ ಸಂಖ್ಯೆ ಮಾಡೋ ವಿಧಾನ ಬರೆದೆ, 13, 17, 5 ಅಂತ ಮೂರು ಶಿಫ್ಟ್, ಮೂರು ಎಕ್ಸಾರ್, ಅಷ್ಟೇ, ನಾನು ಹೆದರಿದಷ್ಟು ಭಾರ ಅದು ಇರ್ಲೇ ಇಲ್ಲ. 400 ಕೋಟಿಗೂ ಮೇಲೆ ಸಂಖ್ಯೆ ಆದ್ಮೇಲೇನೇ ಅದು ಮರುಕಳಿಸೋದು, ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಬೇಕು.

ಮೂರ್ನೇದು ಕಂಡು ಹಿಡಿಯೋಕೆ ಕಷ್ಟ ಆಗಿದ್ದು. ಎರಡು ರ‍್ಯಾಂಡಮ್ ಸಂಖ್ಯೆ ಕೂಡಿಸ್ಬೇಕಾದ ಕಡೆ ಒಂದನ್ನೇ ಎರಡು ಸಲ ಕೂಡಿಸಿದ್ದೆ, ಕೋಡ್ ನೋಡಿದ್ರೆ ಸರಿಯಾಗೇ ಕಾಣುತ್ತೆ, ಅಗಲಾನೂ ಸರಿ, ಮೈನಸ್ 255ರಿಂದ 255. ಆದ್ರೆ ಒಂದು ದಾಳವನ್ನ ಎರಡರಿಂದ ಗುಣಿಸಿದ್ರೆ ಎರಡು ದಾಳ ಆಗಲ್ಲ, ತ್ರಿಕೋನ ಹೋಗಿ ಚಪ್ಪಟೆ ಹಂಚಿಕೆ ಆಗುತ್ತೆ. ಟೋನ್ ಶುದ್ಧವಾಗೇ ಬರ್ತಿತ್ತು, ಆದ್ರೆ ಗಂಟೆ ಬಾಲದಲ್ಲಿ ಹಿಸ್ ಒಂದೇ ಸಮ ಇರ್ದೆ ಏರಿಳೀತಿತ್ತು. ಲೆಕ್ಕ ಹಾಕಿದ್ಮೇಲೆ ಅರ್ಥ ಆಯ್ತು, ಸಿಗ್ನಲ್ ಸರಿಯಾಗಿ ಮೆಟ್ಟಿಲ ಮೇಲೆ ನಿಂತಾಗ ನಾಯ್ಸ್ ಪವರ್ ಅರ್ಧ, ಎರಡು ಮೆಟ್ಟಿಲ ನಡುವೆ ಇದ್ದಾಗ ಕಾಲು, ಅಂದ್ರೆ 3 ಡಿಬಿ ಓಲಾಡುತ್ತೆ. ಎಕ್ಸಾರ್‌ಶಿಫ್ಟ್‌ನ ಒಂದು 32 ಬಿಟ್ ಸಂಖ್ಯೆಯಿಂದ ಬೇರೆ ಬೇರೆ ಎರಡು ಬೈಟ್ ಕಿತ್ತು ತಗೊಂಡೆ, ಸರಿಹೋಯ್ತು.

ಈ ಏರಿಳಿತ ಏನು ಅಂತ ಗೊತ್ತಾದ್ಮೇಲೆ ಬೇಕು ಅಂತಲೇ ಒಂದೇ ದಾಳದ ಡಿದರನ್ನೂ ಹಾಕಿ ಕೇಳ್ದೆ, ಒಂದು ಎಲ್‌ಎಸ್‌ಬಿ ಅಗಲದ ಚಪ್ಪಟೆ ನಾಯ್ಸ್. ಇದ್ರಲ್ಲೂ ಕರ್ಕಶ ಹೋಗುತ್ತೆ, ಸರಾಸರಿ ಸರಿಯಾಗೇ ಬರುತ್ತೆ, ಹಿಸ್ಸೂ ತ್ರಿಕೋನಕ್ಕಿಂತ ಕಡಿಮೆ, 4.77ರ ಬದ್ಲು ಬರೀ 3 ಡಿಬಿ ನಷ್ಟ. ಆದ್ರೆ ಸಿಗ್ನಲ್ ಸರಿಯಾಗಿ 0 ಆದಾಗ ಈ ನಾಯ್ಸ್ ಎಷ್ಟು ಕುಣಿದ್ರೂ ಅರ್ಧ ಮೆಟ್ಟಿಲು ದಾಟಲ್ಲ, ಹಿಸ್ ಪೂರ್ತಿ ನಿಂತೋಗುತ್ತೆ, ಸಿಗ್ನಲ್ ಅಲ್ಲಾಡಿದ ತಕ್ಷಣ ಮತ್ತೆ ಬರುತ್ತೆ. ಗಂಟೆ ಕೊನೇಲಿ ಹಿಸ್ ಉಸಿರಾಡಿದ ಹಾಗೆ ಕೇಳುತ್ತೆ, ಬಂತು, ಹೋಯ್ತು, ಬಂತು, ಹೋಯ್ತು. ನನ್ನ ಕಿವಿಗೆ ಒಂದೇ ಸಮ ಇರೋ ಜಾಸ್ತಿ ಹಿಸ್ಸೇ ವಾಸಿ, ಎರಡು ನಿಮಿಷದಲ್ಲಿ ಅದು ಇದೆ ಅನ್ನೋದೇ ಮರೆತೋಗುತ್ತೆ, ಉಸಿರಾಡೋದನ್ನ ಮಾತ್ರ ಕಿವಿ ಬಿಡೋದೇ ಇಲ್ಲ. ತ್ರಿಕೋನದಲ್ಲಿ ಸಿಗ್ನಲ್ ಎಲ್ಲೇ ಇದ್ರೂ ನಾಯ್ಸ್ ಪವರ್ ಕಾಲು ಎಲ್‌ಎಸ್‌ಬಿ ವರ್ಗ, ಒಂದು ಚೂರೂ ಅಲ್ಲಾಡಲ್ಲ. 0 ಮತ್ತೆ 0.5 ಎರಡಕ್ಕೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ, ಎರಡೂ ಕಾಲೇ ಬರೋದು ನೋಡಿ ನನಗಂತೂ ತುಂಬಾ ಖುಷಿಯಾಯ್ತು.

ಇದೆಲ್ಲ ಹೊಸದೇನಲ್ಲ. 1962ರಲ್ಲೇ ಲಾರೆನ್ಸ್ ರಾಬರ್ಟ್ಸ್ ಚಿತ್ರಗಳ ಮೇಲೆ ಇದನ್ನ ಮಾಡಿದ್ರು, ಬಿಟ್ ಕಡಿಮೆ ಮಾಡಿದ್ರೆ ಚಿತ್ರದಲ್ಲಿ ಪಟ್ಟೆ ಪಟ್ಟೆ ಬರುತ್ತಲ್ಲ, ಮೊದಲೇ ರ‍್ಯಾಂಡಮ್ ನಾಯ್ಸ್ ಸೇರಿಸಿ ಅದನ್ನ ಒಡೆದ್ರು. ಆಡಿಯೋ ಕಡೆ ವಾಟರ್‌ಲೂ ಯೂನಿವರ್ಸಿಟಿಯ ಜಾನ್ ವ್ಯಾಂಡರ್‌ಕೂಯ್ ಮತ್ತೆ ಸ್ಟ್ಯಾನ್ಲಿ ಲಿಪ್‌ಶಿಟ್ಜ್ 1984ರಲ್ಲಿ ಎಲ್‌ಎಸ್‌ಬಿಗಿಂತ ಚಿಕ್ಕ ಸದ್ದನ್ನೂ ಡಿದರ್ ಉಳಿಸುತ್ತೆ ಅಂತ ಬರೆದು ತೋರಿಸಿದ್ರು. ನಾನು ಅವತ್ತು ಹೆಡ್‌ಫೋನಲ್ಲಿ ಕೇಳಿದ್ದು ಅದೇ.

ನಾಲ್ಕನೇ ಎಡವಟ್ಟು ಕಿವಿಗೆ ಅಪಾಯದ್ದು, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಡಿದರ್ ಸೇರಿಸಿದಾಗ ಬೆಲೆ ತುದಿಯಲ್ಲಿ 127 ದಾಟಿ 128 ಆಗ್ಬೋದು, 8 ಬಿಟ್ಟಲ್ಲಿ ಅದು ತಿರುಗಿ ಮೈನಸ್ 128 ಆಗುತ್ತೆ, ಅಂದ್ರೆ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಒಂದೇ ನೆಗೆತ. ನಾನು ಸಣ್ಣ ಸದ್ದು ಕೇಳೋಕೆ ಅಂತ ಆಂಪ್ಲಿಫೈಯರ್ ಜೋರಿಟ್ಟು ಹೆಡ್‌ಫೋನ್ ಹಾಕ್ಕೊಂಡಿದ್ದೆ, ಟೋನ್ ಮುಗಿದು ಗಂಟೆ ಫೈಲ್ ಶುರುವಾಯ್ತು, ಹೊಡೆತ ಬಿದ್ದಾಗ ಪಟಾಕಿ ಕಿವಿಯೊಳಗೇ ಹೊಡೆದಂಗಾಯ್ತು. ಎರಡು ಕೆಲಸ ಮಾಡಿ: ತಳ್ಳಿದ್ಮೇಲೆ ಮೈನಸ್ 128 ಮತ್ತೆ 127ಕ್ಕೆ ಕಟ್ಟುನಿಟ್ಟಾಗಿ ಕ್ಲ್ಯಾಂಪ್ ಮಾಡಿ (ಆಚೆ ಹೋದ್ರೆ ತುದಿಯಲ್ಲೇ ನಿಲ್ಸಿ), ಮತ್ತೆ ಗೇನ್ ಜಾಸ್ತಿ ಮಾಡಿ ಟೆಸ್ಟ್ ಮಾಡೋವಾಗ ಮೊದ್ಲು ಹೆಡ್‌ಫೋನ್ ಮೇಜಿನ ಮೇಲಿಟ್ಟು ಕೇಳಿ, ಆಮೇಲೆ ಹಾಕ್ಕೊಳಿ. ಸಿಗ್ನಲ್ಲನ್ನೂ ತುದಿಗಿಂತ 2 ಮೆಟ್ಟಿಲು ಕೆಳಗಿಟ್ಟಿದೀನಿ ಈಗ.

ಸಾಫ್ಟ್‌ವೇರ್ ವಾಲ್ಯೂಮ್ ಕೂಡ ಹಾಕಿದೆ, ಅದ್ರಲ್ಲಿ ಒಂದು ಮಾತು. ವಾಲ್ಯೂಮ್ ಅಂದ್ರೆ ಗುಣಾಕಾರ, ಗುಣಿಸಿದ್ರೆ ಬಿಟ್ ಜಾಸ್ತಿ ಆಗುತ್ತೆ, ಅಲ್ಲೇ ಮತ್ತೆ 16ಕ್ಕೆ ಕತ್ತರಿಸಿದ್ರೆ ಅಲ್ಲೂ ಡಿದರ್ ಹಾಕ್ಬೇಕಾಗುತ್ತೆ. ಅದಕ್ಕೆ ಎಲ್ಲಾ ಲೆಕ್ಕಾನೂ 32 ಬಿಟ್ಟಲ್ಲೇ ಇಟ್ಕೊಂಡು, ಡ್ಯಾಕಿಗೆ ಹೋಗೋ ಕೊನೇ ಹೆಜ್ಜೆಯಲ್ಲಿ ಒಂದೇ ಸಲ ಡಿದರ್, ಒಂದೇ ಸಲ ರೌಂಡ್.

ಇಲ್ಲಿಗೆ ನಿಲ್ಲಿಸ್ಬೋದಿತ್ತು, ಆದ್ರೆ 45 ಡಿಬಿ ಅಂದ್ರೆ ಹಿಸ್ ಚೆನ್ನಾಗೇ ಕೇಳುತ್ತೆ, ಹಾಗಾಗಿ ನಾಯ್ಸ್ ಶೇಪಿಂಗ್ (ಹಿಸ್ಸನ್ನ ಕಿವಿಗೆ ಕಮ್ಮಿ ಕೇಳೋ ಕಡೆ ತಳ್ಳೋದು) ಕೂಡ ಸೇರಿಸ್ದೆ. ರೌಂಡ್ ಮಾಡಿದಾಗ ಆದ ತಪ್ಪನ್ನ ಬಿಸಾಕದೆ ಇಟ್ಕೊಂಡು ಮುಂದಿನ ಸ್ಯಾಂಪಲ್ಲಿಂದ ಕಳೀಬೇಕು, ಸಾಲ ಮುಂದಿನ ಸಲ ತೀರಿಸಿದ ಹಾಗೆ. ತಪ್ಪನ್ನ ಲೆಕ್ಕ ಹಾಕೋವಾಗ ಡಿದರ್ ಸೇರಿಸೋ ಮುಂಚಿನ ಬೆಲೆಯಿಂದ ಲೆಕ್ಕ ಹಾಕಿದ್ರೆ ಡಿದರ್ ನಾಯ್ಸೂ ಶೇಪ್ ಆಗುತ್ತೆ. ಪರಿಣಾಮ, 1 ಕಿಲೋಹರ್ಟ್ಸ್ ಹತ್ರ ಹಿಸ್ 17 ಡಿಬಿ ಇಳಿಯುತ್ತೆ, 7.35 ಕಿಲೋಹರ್ಟ್ಸ್‌ನಲ್ಲಿ ಮೊದ್ಲಿನಷ್ಟೇ, ಅದರಾಚೆ ಏರಿ ಕೊನೇ ತುದಿಯಲ್ಲಿ 6 ಡಿಬಿ ಜಾಸ್ತಿ. ಒಟ್ಟು ನಾಯ್ಸ್ 3 ಡಿಬಿ ಹೆಚ್ಚೇ ಆಯ್ತು, ಆದ್ರೂ ಗಂಟೆ ಮುಂದೆ ಬಂದು ನಿಂತಂಗಿತ್ತು, ಹಿಸ್ ಮೇಲೆಲ್ಲೋ ತೆಳ್ಳಗೆ ಶ್ ಅಂತಿತ್ತು. ಕ್ಲ್ಯಾಂಪ್ ಆದಾಗ ತಪ್ಪು ದೊಡ್ಡದಾಗಿ ಮುಂದಿನ ಸ್ಯಾಂಪಲ್‌ಗಳನ್ನೂ ಎಳೆಯುತ್ತೆ, ಅದಕ್ಕೆ ತಪ್ಪಿಗೂ ಒಂದು ಮಿತಿ ಹಾಕಿದೀನಿ.

ಆಮೇಲೆ 4 ಪಟ್ಟು ಓವರ್‌ಸ್ಯಾಂಪ್ಲಿಂಗ್, ಅಂದ್ರೆ ಸ್ಯಾಂಪಲ್‌ಗಳ ನಡುವೆ ಹೊಸ ಬೆಲೆ ತುಂಬಿ 4 ಪಟ್ಟು ವೇಗದಲ್ಲಿ ಹೊರಗೆ ಹಾಕೋದು. ಪಿಕೋದ ಎರಡ್ನೇ ಕೋರ್ ಸುಮ್ನೆ ಕೂತಿತ್ತು, ಅದಕ್ಕೆ ಆ ನಡುವಿನ ಬೆಲೆ ಲೆಕ್ಕ ಹಾಕೋ 64 ಗುಣಾಂಕದ ಎಫ್‌ಐಆರ್ ಫಿಲ್ಟರ್ ಕೊಟ್ಟು, ಕ್ಲಾಕನ್ನ 709ರಿಂದ ಭಾಗಿಸಿ 176 ಕಿಲೋಹರ್ಟ್ಸ್‌ಗೆ ತಂದೆ. ಈಗ ಶೇಪಿಂಗ್ ನಾಯ್ಸನ್ನ ತಳ್ಳೋಕೆ ಕಿವಿಗೆ ಕೇಳದ ಜಾಗ ಬೇಕಾದಷ್ಟಿದೆ, ಕೇಳೋ ಭಾಗದಲ್ಲಿ ಲೆಕ್ಕದ ಪ್ರಕಾರ ಸುಮಾರು 13 ಡಿಬಿ ಲಾಭ, 45 ಇದ್ದಿದ್ದು 58 ಹತ್ರ. ಅಲ್ಲಿಂದಾಚೆ ಇರೋದನ್ನ 820 ಪಿಕೋಫ್ಯಾರಡ್ ಸ್ವಲ್ಪ ನುಂಗುತ್ತೆ. ಫಿಲಿಪ್ಸ್ ಕಂಪನಿ ಮೊದಲ ಕಾಲದ ಸಿಡಿ ಪ್ಲೇಯರ್‌ಗಳಲ್ಲಿ ಟಿಡಿಎ1540 ಅನ್ನೋ 14 ಬಿಟ್ ಡ್ಯಾಕಿಂದ 16 ಬಿಟ್ಟಿನ ಗುಣಮಟ್ಟ ತೆಗೆದಿದ್ದು ಇದೇ ದಾರಿಯಲ್ಲಿ, 4 ಪಟ್ಟು ಓವರ್‌ಸ್ಯಾಂಪ್ಲಿಂಗ್ ಜೊತೆ ನಾಯ್ಸ್ ಶೇಪಿಂಗ್.

ಲ್ಯಾಡರಿನ ಆ 3ನೇ ಹಾರ್ಮೋನಿಕ್‌ಗೂ ಒಂದು ಉಪಾಯ ಸಿಕ್ತು. ಎಲ್ಲಾ ಸ್ಯಾಂಪಲ್‌ಗೂ 8 ಮೆಟ್ಟಿಲು ಸೇರಿಸ್ಬಿಟ್ಟೆ, ಸೈಲೆನ್ಸ್ ಈಗ 128ರ ಬದ್ಲು 136ರಲ್ಲಿ ನಿಲ್ಲುತ್ತೆ, ಸಣ್ಣ ಸದ್ದುಗಳು ಆ 127, 128ರ ಸೊಟ್ಟ ಮೆಟ್ಟಿಲನ್ನ ತುಳಿಯೋದೇ ಇಲ್ಲ. ಸೇರಿಸಿದ ಡಿಸಿಯನ್ನ ಕಪ್ಲಿಂಗ್ ಕೆಪಾಸಿಟರ್ ತಡೆಯುತ್ತೆ. ಮೇಲ್ಗಡೆ 8 ಮೆಟ್ಟಿಲು ಜಾಗ ಕಮ್ಮಿ ಆಯ್ತು, ಅಂದ್ರೆ ಅರ್ಧ ಡಿಬಿ ಚಿಲ್ಲರೆ, ಅದರ ಬದ್ಲಿಗೆ ಸ್ಪೆಕ್ಟ್ರಮ್ಮಲ್ಲಿ ತಲೆ ಎತ್ತಿದ್ದ ಆ ಗೂಟ ಮಾಯ.

ಗಂಟೆ ಈಗ ಪೂರ್ತಿ 12 ಸೆಕೆಂಡೂ ಗಂಟೆಯಾಗೇ ಇರುತ್ತೆ, ಬಾಲ ಹಿಸ್ಸಿನೊಳಗೆ ಇಳಿದು ಎಲ್ಲಿ ಮುಗೀತು ಅಂತ ಹೇಳೋಕಾಗಲ್ಲ.

ಸ್ಟೀರಿಯೋಗೆ ಎರಡ್ನೇ ಲ್ಯಾಡರ್ ಶುರು ಮಾಡಿದೀನಿ. ಡಿದರನ್ನ ಎರಡೂ ಚಾನೆಲ್‌ಗೆ ಒಂದೇ ಕೊಟ್ರೆ ಹಿಸ್ ತಲೆಯ ನಟ್ಟನಡುವೆ ಕೂರುತ್ತೆ, ಬೇರೆ ಬೇರೆ ಕೊಟ್ರೆ ಅಗಲಕ್ಕೆ ಹರಡುತ್ತೆ, ಅದಕ್ಕೆ ಎಕ್ಸಾರ್‌ಶಿಫ್ಟ್ ಸಂಖ್ಯೆಯ 4 ಬೈಟಲ್ಲಿ ಎರಡು ಎಡಕ್ಕೆ, ಉಳಿದೆರಡು ಬಲಕ್ಕೆ ಅಂತ ಹಂಚಿದೀನಿ. ಬಲಗಡೆಗೆ ಇನ್ನೂ 25 ರೆಸಿಸ್ಟರ್ ಆರಿಸ್ಬೇಕು, ಇವತ್ತು ಸಂಜೆ 9 ಆಗಿದೆ.